ಹಾಕದೆ ಬಿಟ್ಟ ಸ್ಕ್ರೂಗಳು

ಮೇಸ್ತ್ರಿಯ ಬಲಗೈ ಮೊದಲ ಸಲ ನಡುಗಿದ್ದು ಚಹಾ ಲೋಟ ಹಿಡಿದಾಗ. ಇಡೀ ಕೈಯೇನೂ ನಡುಗಲಿಲ್ಲ. ಹೆಬ್ಬೆರಳೊಂದು ತೋರುಬೆರಳಿಗೆ ಉಜ್ಜಿಕೊಳ್ಳುತ್ತ, ಕಣ್ಣಿಗೆ ಕಾಣದ ಸಣ್ಣ ಗುಳಿಗೆಯನ್ನು ಉರುಳಿಸುತ್ತಿರುವ ಹಾಗೆ ತನ್ನ ಪಾಡಿಗೆ ತಾನು ಆಡುತ್ತಿತ್ತು. ಅವನು ಲೋಟವನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಜೇಬಿನೊಳಗೂ ಅದು ಸುಮ್ಮನಿರಲಿಲ್ಲ.

ಸ್ಕೂಟರ್ ರಿಪೇರಿಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದವನು. ಶೆಡ್ಡು ಬಾಮೈದನ ಹೆಸರಿನಲ್ಲಿತ್ತು, ಆದರೆ ಬಾಮೈದನಿಗೆ ಪಾನಾ ಹಿಡಿಯಲು ಕಲಿಸಿದವನು ಇವನೇ. ಅಂಗಡಿ ಇಡುವಾಗ ಇಬ್ಬರ ಹೆಸರೂ ಇರಲಿ ಎಂದು ಬಾಮೈದ ಕೇಳಿಕೊಂಡಿದ್ದ. ತನಗೆ ಗಾಡಿಯ ಜೊತೆ ಮಾತಾಡಲು ಬರುತ್ತದೆ, ಗಿರಾಕಿಯ ಜೊತೆ ಬರುವುದಿಲ್ಲ ಎಂದು ನಕ್ಕು ಇವನು ತಪ್ಪಿಸಿಕೊಂಡಿದ್ದ. ಅವನಿಗೆ ಬೇಕಾಗಿದ್ದು ಕೆಲಸ ಮತ್ತು ಕೆಲಸಕ್ಕೆ ಸಿಗುವ ಮರ್ಯಾದೆ. ಎರಡೂ ಬೇಕಾದಷ್ಟು ಸಿಕ್ಕಿದ್ದವು.

ಕೈಯ ಆಟ ಜಾಸ್ತಿಯಾದಂತೆ ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಸಣ್ಣ ಬಿಡಿಭಾಗಗಳು ನೆಲಕ್ಕೆ ಉದುರತೊಡಗಿದವು. ಉಳಿದ ಇಬ್ಬರು ಕೆಲಸಗಾರರು ಮೊದಮೊದಲು ಬಗ್ಗಿ ಹುಡುಕಿಕೊಟ್ಟರು. ಆಮೇಲೆ ಕಂಡೂ ಕಾಣದವರಂತೆ ಇದ್ದರು. ಅದೇ ಹೆಚ್ಚು ಚುಚ್ಚುತ್ತಿತ್ತು. ಕಡೆಗೊಂದು ಬೆಳಿಗ್ಗೆ ಬಾಮೈದ ಪಕ್ಕದಲ್ಲಿ ಬಂದು ಕೂತು, ಬೀದಿಯ ಕಡೆ ನೋಡುತ್ತಲೇ ಹೇಳಿದ:

"ಭಾವ, ಪೈಪಿಗೆ ಅಂತ ಊರೆಲ್ಲ ಅಗೆದು ಹಾಕಿದ್ದಾರೆ. ಬರೋ ಗಾಡಿಗಳೆಲ್ಲ ಮಣ್ಣು ತಿಂದ್ಕೊಂಡೇ ಬರ್ತಿವೆ. ಇನ್ಮೇಲೆ ಏರ್ ಫಿಲ್ಟರ್ ಕೆಲಸ ಪೂರ್ತಿ ನೀವೇ ನೋಡ್ಕೊಳ್ಳಿ. ಬೇರೆಯವರು ಅದನ್ನ ಕಾಟಾಚಾರಕ್ಕೆ ಮಾಡ್ತಾರೆ."

ಮೇಸ್ತ್ರಿಗೆ ಅರ್ಥವಾಗಲಿಲ್ಲ ಎಂದಲ್ಲ. ಏರ್ ಫಿಲ್ಟರ್ ಎಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕೊಡುವ ಕೆಲಸ. ಹೇಳಿದವನಿಗೂ ಅದು ಗೊತ್ತು, ಕೇಳಿದವನಿಗೂ ಗೊತ್ತು. ಆಗಲಿ ಎಂದು ತಲೆಯಾಡಿಸಿದ. ಆ ದಿನದ ಮಟ್ಟಿಗೆ ತಲೆಯಾದರೂ ಅವನ ಮಾತು ಕೇಳುತ್ತಿತ್ತು.

ಒಪ್ಪಿಕೊಂಡ ಮೇಲೆ ಅವನು ಅದನ್ನು ಮನಸ್ಸಿಟ್ಟೇ ಮಾಡಿದ. ಹಿಂದಿನ ಚಕ್ರದ ಪಕ್ಕದ ಕಪ್ಪು ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದ. ಹಳೆಯ ಗಾಡಿಯಾದರೆ ಒಳಗಿನ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ಅದ್ದಿ, ತಿರುಚದೆ ಅಂಗೈಯಲ್ಲಿ ಅದುಮಿ, ನೆರಳಿನಲ್ಲಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಮತ್ತೆ ಕೂರಿಸುತ್ತಿದ್ದ. ಹೊಸ ಗಾಡಿಗಳ ಎಣ್ಣೆಗಾಗದದ ಫಿಲ್ಟರಿಗೆ ಗಾಳಿ ಹೊಡೆದು ಧೂಳು ಹಾರಿಸಿ ಅದನ್ನೇ ಹಾಕಿ ಎನ್ನುವ ಗಿರಾಕಿಗಳಿದ್ದರು. ಗಾಳಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ, ಅದರ ಬದಲು ಮೂಗಿಗೆ ಜರಡಿ ಕಟ್ಟಿಕೊಂಡು ಓಡಾಡಿ ಎಂದು ಅವರನ್ನು ನಗಿಸಿ ಹೊಸದನ್ನೇ ಹಾಕುತ್ತಿದ್ದ. ಗಿರಾಕಿಯ ಜೊತೆ ಮಾತಾಡಲು ಬಾರದವನು ಈಗ ಮಾತಾಡುವುದನ್ನೂ ಕಲಿತ. ಅವರು ಮುಖ ನೋಡುತ್ತಿದ್ದರೆ ಕೈ ನೋಡುವುದಿಲ್ಲವಲ್ಲ.

ಬಿಚ್ಚುವುದೇನೋ ಸಲೀಸು. ಕಷ್ಟವಿದ್ದುದು ಮುಚ್ಚುವುದರಲ್ಲಿ. ಮುಚ್ಚಳಕ್ಕೆ ಆರು ಸ್ಕ್ರೂ. ಒಂದೊಂದನ್ನೂ ನೇರವಾಗಿ ಹಿಡಿದು ಮೊದಲ ಸುತ್ತು ಬೆರಳಲ್ಲೇ ತಿರುಗಿಸಬೇಕು. ಓರೆಯಾದರೆ ಥ್ರೆಡ್ ಹಾಳು. ಮೇಲಿನ ನಾಲ್ಕನ್ನು ಎಡಗೈಯ ಆಸರೆ ಕೊಟ್ಟು, ಹಲ್ಲು ಕಚ್ಚಿಕೊಂಡು ಹೇಗೋ ಹಾಕುತ್ತಿದ್ದ. ಚಕ್ರದ ಕಡೆಗಿನ ಕೆಳಗಿನ ಎರಡಕ್ಕೆ ಎಡಗೈ ತೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅದೇ ಎರಡು ಸ್ಕ್ರೂಗಳ ಜೊತೆ ಮುಕ್ಕಾಲು ಗಂಟೆ ಗುದ್ದಾಡಿದ. ಬೆವರು ಕಣ್ಣಿಗಿಳಿಯಿತು. ಹಿಂದಿನಿಂದ ಕೆಲಸಗಾರನೊಬ್ಬ ಬರುವ ಸದ್ದಾದಾಗ ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ನಿಂತು, ಆಯಿತು ಎಂದುಬಿಟ್ಟ. ಗಿರಾಕಿ ಗಾಡಿ ತೆಗೆದುಕೊಂಡು ಹೋದ. ಏನೂ ಆಗಲಿಲ್ಲ.

ಏನೂ ಆಗದೆ ಇದ್ದುದೇ ತಪ್ಪಾಯಿತು. ಫಿಲ್ಟರಿನ ಅಂಚನ್ನು ಅದುಮಿ ಹಿಡಿಯುವುದು ಆ ಮುಚ್ಚಳವೇ, ಅದು ಸಡಿಲವಿದ್ದರೆ ಧೂಳು ಫಿಲ್ಟರಿನ ಪಕ್ಕದಿಂದ ನುಸುಳಿ ಸೀದಾ ಎಂಜಿನ್ನಿಗೆ ಹೋಗುತ್ತದೆ ಎಂದು ಎಷ್ಟು ಜನಕ್ಕೆ ಕಲಿಸಿದ್ದನೋ! ಆದರೂ ಮಾರನೆಯ ದಿನ ಮತ್ತೊಂದು ಗಾಡಿಗೆ ಎರಡು ಬಿಟ್ಟ. ಮುಂದಿನ ವಾರ ಇನ್ನೊಂದಕ್ಕೆ. ನಾಳೆ ಕೈ ಸರಿಹೋಗುತ್ತದೆ, ಆ ಗಾಡಿಗಳು ಮತ್ತೆ ಬಂದಾಗ ಹಾಕಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಬಟ್ಟೆ ಒಗೆಯುವಾಗ ಹೆಂಡತಿಗೆ ಜೇಬಿನಲ್ಲಿ ಸ್ಕ್ರೂ ಸಿಗತೊಡಗಿದವು. ಕೇಳಿದರೆ, ಮಿಕ್ಕಿದ್ದವು ಎಂದ. ಅವಳು ಮುಲಾಮಿನ ಖಾಲಿ ಡಬ್ಬಿಯಲ್ಲಿ ಅವನ್ನು ಹಾಕಿಡುತ್ತ ಬಂದಳು. ಡಬ್ಬಿ ತುಂಬಿದಾಗ ಮತ್ತೆ ಕೇಳಲಿಲ್ಲ. ದೊಡ್ಡ ಡಬ್ಬಿಯೊಂದನ್ನು ಹುಡುಕಿ ತಂದಳು.

ಮೊದಲು ವಾಪಸು ಬಂದದ್ದು ನರ್ಸಮ್ಮನ ಗಾಡಿ. ಬಾಣಂತಿಯರನ್ನು ನೋಡಲು ಮನೆಮನೆಗೆ ಓಡಾಡುವ ಹೆಂಗಸು. ಹನ್ನೊಂದು ವರ್ಷದಿಂದ ಈ ಶೆಡ್ಡಿಗೇ ಬರುತ್ತಿದ್ದವಳು. ಗಾಡಿ ನೀಲಿ ಹೊಗೆ ಕಾರುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಬಾಮೈದ ಎಂಜಿನ್ ಬಿಚ್ಚಿದ. ಸಿಲಿಂಡರಿನ ಒಳಗೋಡೆಗೆ ಮರಳುಕಾಗದ ಹಾಕಿ ಉಜ್ಜಿದಂತೆ ಗೀರು ಬಿದ್ದಿತ್ತು. ಗಾಳಿ ಬರುವ ಕೊಳವೆಗೆ ಬೆರಳು ಹಾಕಿ ತೆಗೆದರೆ ಕೆಂಪು ಧೂಳು. ಆಮೇಲೆ ಫಿಲ್ಟರ್ ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದ.

"ಭಾವ, ಇದಕ್ಕೆ ಎರಡು ಸ್ಕ್ರೂನೇ ಇಲ್ಲ."

ಮೇಸ್ತ್ರಿ ಎಣ್ಣೆ ಬಟ್ಟೆ ಕೈಗೆತ್ತಿಕೊಂಡ. "ಬೇರೆ ಎಲ್ಲೋ ಬಿಚ್ಚಿಸಿರಬೇಕು," ಎಂದ.

ನರ್ಸಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಈ ಶೆಡ್ಡು ಬಿಟ್ಟು ಬೇರೆಯವರಿಂದ ಗಾಡಿಗೆ ಗಾಳಿ ಕೂಡ ಹಾಕಿಸಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳುವಾಗ ಮೇಸ್ತ್ರಿಯ ಮುಖವನ್ನೇ ನೋಡಿದಳು. ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತ ಒಳಗೆ ಹೋದ. ಭಾವನ ಮಾತನ್ನು ಒಂದು ದಿನವೂ ಅನುಮಾನಿಸದ ಬಾಮೈದ, ಮರೆತಿರಬಹುದು ನೋಡಿ ಸಿಸ್ಟರ್ ಎಂದ. ಅವಳು ಎದ್ದು, ನಾಲ್ಕು ದಿನ ನಡೆದೇ ಓಡಾಡುತ್ತೇನೆ ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು.

ಹದಿನೈದು ದಿನದೊಳಗೆ ಇನ್ನೂ ಎರಡು ಗಾಡಿ ಅದೇ ಹೊಗೆ, ಅದೇ ಗೀರು ಹೊತ್ತು ಬಂದವು. ರಜೆಯ ದಿನ ಅಕ್ಕನ ಮನೆಗೆ ಊಟಕ್ಕೆ ಬಂದ ಬಾಮೈದ, ಯಾರೋ ಹೊಟ್ಟೆಕಿಚ್ಚಿಗೆ ನಮ್ಮ ಗಿರಾಕಿಗಳ ಗಾಡಿಯ ಸ್ಕ್ರೂ ಬಿಚ್ಚುತ್ತಿದ್ದಾರೆ, ಕಾದು ಹಿಡಿಯಬೇಕು ಎಂದು ತಟ್ಟೆಯ ಮುಂದೆ ಕೂತು ಹೇಳಿದ. ಮೇಸ್ತ್ರಿ ತಲೆಯೆತ್ತಲಿಲ್ಲ. ಅವನ ಕೈಯಲ್ಲಿದ್ದ ನೀರಿನ ಲೋಟ ತಟ್ಟೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು.

ಹೆಂಡತಿ ಎದ್ದು ಒಳಗಿನಿಂದ ಡಬ್ಬಿ ತಂದು ತಮ್ಮನ ಮುಂದಿಟ್ಟಳು. ಅವನು ಮುಚ್ಚಳ ತೆಗೆದ. ಒಳಗಿನ ಸ್ಕ್ರೂಗಳನ್ನು ಬೆರಳಲ್ಲಿ ಕೆದಕಿ ನೋಡಿದ.

"ಇದೆಲ್ಲ ಎಲ್ಲಿತ್ತಕ್ಕ?"

"ಇವರ ಜೇಬಲ್ಲಿ. ನಾಲ್ಕೈದು ತಿಂಗಳಿಂದ. ನೀನು ಯಾರನ್ನೋ ಕಾದು ಹಿಡಿಯೋಕೆ ಹೋಗ್ಬೇಡ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಇನ್ನೊಬ್ಬರ ಮುಂದೆ ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಬಾಮೈದ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕೈ ತೊಳೆದು ಬಂದು, ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆ ತೆರೆದು ಪೆನ್ನು ಹಿಡಿದ. "ಯಾವ್ಯಾವ ಗಾಡಿ, ಹೇಳಿ ಭಾವ," ಎಂದಷ್ಟೇ ಕೇಳಿದ.

ಮೇಸ್ತ್ರಿ ಹೇಳಿದ. ಅವನ ನೆನಪಿಗೆ ಏನೂ ಆಗಿರಲಿಲ್ಲ. ಬೆಳ್ಳಿಬಣ್ಣದ್ದು, ಮುಂದಿನ ಮಡ್‌ಗಾರ್ಡಿಗೆ ಬೆಸುಗೆ ಇರುವುದು, ಗಿರಣಿಯವನದು, ಎರಡು ಸ್ಕ್ರೂ. ಕೆಂಪು ಬಣ್ಣದ್ದು, ಸೀಟು ಹರಿದದ್ದು, ಚಿತ್ರ ಬಿಡಿಸುವ ಮೇಷ್ಟ್ರದು, ಎರಡು. ಒಂದೊಂದು ಗಾಡಿಯ ನಂಬರು, ಬಂದ ದಿನ, ಬಿಟ್ಟ ಸ್ಕ್ರೂಗಳ ಲೆಕ್ಕ. ಮಧ್ಯೆ ಒಮ್ಮೆ ನಾಲಿಗೆ ಹೊರಳದೆ ನಿಂತ. ಹೆಂಡತಿ ನೀರು ಕುಡಿಸಿದಳು. ಮತ್ತೆ ಹೇಳಿದ. ಮೂವತ್ತೇಳು ಗಾಡಿಗಳಾದವು. ಬರೆದು ಮುಗಿಸಿದ ಬಾಮೈದ ನೋಟುಬುಕ್ಕಿನ ಮೇಲೆ ಅಂಗೈಯಿಟ್ಟು ಕೇಳಿದ:

"ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಭಾವ? ಸ್ಕ್ರೂ ತಾನೇ, ನಾನು ಬಂದು ಹಾಕ್ತಿದ್ದೆ."

"ನೀನು ಬಂದು ಹಾಕ್ತೀಯ ಅಂತಲೇ ಹೇಳ್ಲಿಲ್ಲ ಕಣೋ," ಎಂದ ಮೇಸ್ತ್ರಿ.

ಆಮೇಲಿನ ಒಂದೂವರೆ ತಿಂಗಳು ಶೆಡ್ಡಿನಲ್ಲಿ ಬೇರೆ ಕೆಲಸವಿರಲಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ಕರೆಸಿ ಗಾಡಿ ಬಿಚ್ಚಿ ನೋಡಿದರು. ಕೆಲವಕ್ಕೆ ಸ್ಕ್ರೂ ಹಾಕಿದರೆ ಸಾಕಾಯಿತು. ಹನ್ನೆರಡಕ್ಕೆ ಎಂಜಿನ್ನೇ ಇಳಿಸಬೇಕಾಯಿತು. ಕೆಲವರು ಬಾಯಿಗೆ ಬಂದಂತೆ ಬೈದರು, ಕೆಲವರು ಮತ್ತೆ ಈ ಬೀದಿಗೆ ಬರುವುದಿಲ್ಲ ಎಂದು ಹೋದರು. ಬಾಮೈದ ಎಲ್ಲರಿಗೂ ತಪ್ಪು ಅಂಗಡಿಯದು ಎಂದ, ಒಬ್ಬರ ಮುಂದೆಯೂ ಭಾವನ ಕಡೆ ಬೊಟ್ಟು ಮಾಡಲಿಲ್ಲ. ಮೇಸ್ತ್ರಿ ಮೂಲೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಬರಬೇಡಿ ಎಂದರೂ ಬಂದು ಕೂರುತ್ತಿದ್ದ.

ರಿಪೇರಿಯಾದ ಗಾಡಿಯನ್ನು ಮತ್ತೊಮ್ಮೆ ತೋರಿಸಲು ನರ್ಸಮ್ಮ ಬಂದ ದಿನ ಅವನು ಎದ್ದುಹೋಗಿ, ತಾನೇ ಸ್ಕ್ರೂ ಬಿಟ್ಟಿದ್ದು, ಸುಳ್ಳು ಹೇಳಿದ್ದೂ ತಾನೇ ಎಂದ. ಅವಳು ಅವನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಮಣಿಕಟ್ಟನ್ನು ಮೆಲ್ಲಗೆ ಮಡಿಸಿ ಬಿಚ್ಚಿ ನೋಡಿದಳು.

"ಇದು ಯಾವಾಗಿಂದ ಮೇಸ್ತ್ರಿಗಳೇ?"

"ಒಂದು ವರ್ಷದ ಮೇಲಾಯ್ತು."

"ಡಾಕ್ಟ್ರಿಗೆ ತೋರಿಸಿದ್ರಾ?"

ಇಲ್ಲ ಎಂದು ತಲೆಯಾಡಿಸಿದ. ಅವಳೇ ಚೀಟಿಯಲ್ಲಿ ಡಾಕ್ಟರ ಹೆಸರು ಬರೆದುಕೊಟ್ಟಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಡಾಕ್ಟರು ಅವನನ್ನು ನಡೆಸಿ, ಕೂರಿಸಿ, ಗೆರೆ ಎಳೆಸಿ ನೋಡಿ, ಇದು ಮಿದುಳಿನ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಲ್ಲ, ಬರಬರುತ್ತ ಹೆಚ್ಚಾಗುತ್ತದೆ ಎಂದರು. ಕೆಲಸದ ಬಗ್ಗೆ ಅವನು ಕೇಳಲು ಹೊರಟಾಗ ಹೆಂಡತಿ ತೋಳು ಮುಟ್ಟಿ ತಡೆದಳು.

ಮೂವತ್ತಾರು ಗಾಡಿ ಬಂದವು. ಒಂದು ಬರಲಿಲ್ಲ. ಹಸಿರು ಬಣ್ಣದ್ದು, ಬೇಕರಿಯಲ್ಲಿ ಬ್ರೆಡ್ ಕಟ್ಟುತ್ತಿದ್ದ ಹೆಂಗಸಿನದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಮೊದಲ ಸರ್ವೀಸಿಗೆಂದು ಒಂದೇ ಒಂದು ಸಲ ಬಂದಿದ್ದಳು. ಅವಳ ಫೋನು ಸ್ವಿಚ್ ಆಫ್ ಆಗಿತ್ತು. ಬೇಕರಿಯಲ್ಲಿ ವಿಚಾರಿಸಿದರೆ, ಕೆಲಸ ಬಿಟ್ಟು ಎರಡು ತಿಂಗಳಾಯಿತು, ಎಲ್ಲಿ ಹೋದಳೋ ಗೊತ್ತಿಲ್ಲ ಎಂದರು. ಅದೊಂದು ಹೋಗಲಿ ಬಿಡಿ ಭಾವ ಎಂದ ಬಾಮೈದ. ಆದರೆ ಆ ಗಾಡಿಗೆ ಮೇಸ್ತ್ರಿ ಬಿಟ್ಟದ್ದು ಮೂರು ಸ್ಕ್ರೂ. ಇದು ಇನ್ನು ಎಷ್ಟು ವರ್ಷ ಓಡುತ್ತದೆ ಎಂದು ಅವಳು ಕೇಳಿದಾಗ, ಹತ್ತು ವರ್ಷ ನಿಶ್ಚಿಂತೆಯಿಂದ ಓಡಿಸಿ ಎಂದು ಭರವಸೆ ಕೊಟ್ಟಿದ್ದವನೂ ಅವನೇ.

ಅವನು ಹುಡುಕತೊಡಗಿದ. ಬೆಳಿಗ್ಗೆ ಮಾತ್ರೆ ನುಂಗಿ, ಕಾಲೆಳೆಯುತ್ತ ಹೊರಡುತ್ತಿದ್ದ. ಗಾರ್ಮೆಂಟ್ ಕಾರ್ಖಾನೆಗಳ ಮುಂದೆ, ಆಸ್ಪತ್ರೆಯ ಹಿಂಭಾಗದಲ್ಲಿ, ಮಾರುಕಟ್ಟೆಯ ಪಕ್ಕದಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಸುತ್ತಾಡುತ್ತಿದ್ದ. ಹಸಿರು ಸ್ಕೂಟರ್ ಕಂಡರೆ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯ ಕೆಳಗೆ ಕಣ್ಣು ಹಾಯಿಸುತ್ತಿದ್ದ. ಕೂತರೆ ಏಳುವುದೇ ಕಷ್ಟವಾಗುತ್ತಿತ್ತು. ಒಂದು ದಿನ ಆಫೀಸೊಂದರ ಕಾವಲುಗಾರ ಕಳ್ಳನೆಂದು ಅವನ ಕೊರಳಪಟ್ಟಿ ಹಿಡಿದ. ಸುತ್ತ ಜನ ಸೇರಿದರು. ಯಾವ ಗಾಡಿ ನಿಂದು, ಯಾಕೆ ಕೈ ನಡುಗುತ್ತಿದೆ ಎಂದು ಕೇಳಿದರು. ಅವನು ಬೇಕರಿ, ಹಸಿರು, ಮೂರು ಸ್ಕ್ರೂ ಎಂದು ತೊದಲಿದ. ಯಾರಿಗೂ ತಲೆಬುಡ ತಿಳಿಯಲಿಲ್ಲ.

ಅವನ ಜೇಬಿನ ಫೋನಿನಿಂದ ಯಾರೋ ಕರೆದ ಮೇಲೆ ಬಾಮೈದ ಬಂದು ಕೈಮುಗಿದು ಬಿಡಿಸಿಕೊಂಡು ಹೋದ. ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿ, ಬೀಳದ ಹಾಗೆ ಅವನ ಎರಡೂ ಕೈಗಳನ್ನು ತನ್ನ ಸೊಂಟಕ್ಕೆ ಸುತ್ತಿಸಿಕೊಂಡ.

"ಇನ್ಮೇಲೆ ಹೋಗ್ಬೇಡಿ ಭಾವ. ಅಕ್ಕ ಹೆದರ್ತಾಳೆ."

ಮೇಸ್ತ್ರಿ ಹೂಂ ಎಂದ. ಅಗೆದ ರಸ್ತೆಯ ಧೂಳು ಇಬ್ಬರ ಮುಖಕ್ಕೂ ರಾಚುತ್ತಿತ್ತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೂ ಅವನು ಕತ್ತು ತಿರುಗಿಸಿ ಪಕ್ಕದ ಸಾಲಿನ ಗಾಡಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎರಡು ಹಸಿರು ಗಾಡಿಗಳಿದ್ದವು. ಎರಡೂ ಅದಲ್ಲ.