ಚಪ್ಪಲಿ ಕಾಯುವವರು

ಟಿ.ಸಿ.ಎಚ್. ಓದುವಾಗ ನಮಗೆ ಪಾಠ ಮಾಡುವುದಕ್ಕಿಂತ ಮೊದಲು ಪಾಠ ನೋಡುವ ಕೆಲಸವಿತ್ತು. ಅನುಭವಿ ಶಿಕ್ಷಕರ ತರಗತಿಯಲ್ಲಿ ಹಿಂದಿನ ಗೋಡೆಗೆ ಒರಗಿ ಕುಳಿತು, ಕಂಡದ್ದನ್ನೆಲ್ಲ ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕು. ಚಳ್ಳಕೆರೆಯ ಲಾರಿ ಮೆಕ್ಯಾನಿಕ್ ಒಬ್ಬರ ಮಗಳಾದ ನನ್ನನ್ನು ಮೊಳಕಾಲ್ಮೂರಿನಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರ ಶಾಲೆಗೆ ಹಾಕಿದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಅಲ್ಲಿನ ಮೂರನೇ ತರಗತಿಯ ಮೇಷ್ಟ್ರು ನಿಜಕ್ಕೂ ಚೆನ್ನಾಗಿ ಪಾಠ ಮಾಡುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಅವರು ಕೆಟ್ಟ ಮೇಷ್ಟ್ರಾಗಿದ್ದರೆ ನನಗೆ ಈ ಸಂಕಟವೇ ಇರುತ್ತಿರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಅವಸರಪಡದೆ ಕಾಯುವುದು, ಬೋರ್ಡಿನ ಮೇಲೆ ಬರೆಯುವಾಗಲೂ ಮಕ್ಕಳಿಗೆ ಪೂರ್ತಿ ಬೆನ್ನು ಹಾಕದಿರುವುದು, ಎಲ್ಲ ಕಲಿತದ್ದು ಅವರಿಂದಲೇ. ಆದರೆ ಪಾಠ ನೋಡಲು ಹೊರಗಿನವರು ಬಂದ ದಿನ ಅವರ ತರಗತಿಯಲ್ಲಿ ಐದಾರು ಮಕ್ಕಳು ಕಡಿಮೆ ಇರುತ್ತಿದ್ದರು. ಆ ಮಕ್ಕಳು ಬಂದವರ ಚಪ್ಪಲಿಗಳನ್ನು ನಾಯಿ ಎಳೆದೊಯ್ಯದಂತೆ ಜಗಲಿಯಲ್ಲಿ ಕಾಯುತ್ತಿದ್ದರು. ಓದಲು ಬಾರದವರು ಎಂದು ಯಾರೂ ಅನ್ನುತ್ತಿರಲಿಲ್ಲ. ಚಪ್ಪಲಿ ಕಾಯುವವರು, ಅಷ್ಟೇ. ನಾನು ಅದನ್ನು ವೀಕ್ಷಣಾ ಪುಸ್ತಕದಲ್ಲಿ ಬರೆಯಲಿಲ್ಲ. ಅಂಥದ್ದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಅವರಲ್ಲಿ ಒಬ್ಬಳು ಹುಡುಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಮೌನ. ಉರ್ದು ಮನೆಯಿಂದ ಕನ್ನಡ ಶಾಲೆಗೆ ಹೋಗಿ ವರ್ಷವಿಡೀ ಬಾಯಿ ಬಿಡದೆ ಕುಳಿತಿದ್ದ ನನಗೆ ಆ ಮೌನದ ಪರಿಚಯವಿತ್ತು. ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು, ನೆಲದ ಮೇಲೆ ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡಿಸತೊಡಗಿದೆ. ಒಂದು ದಿನ ಬೀಜಗಳ ಮೇಲೆ ಬೆರಳಾಡಿಸುತ್ತಾ ಅವಳು ತಾನಾಗಿಯೇ "ನೀರು" ಎಂದು ಓದಿದಳು. ನನಗೆ ಅಳು ಬರುವಷ್ಟು ಖುಷಿಯಾಯಿತು. ನನ್ನ ಪರೀಕ್ಷಾ ಪಾಠದ ದಿನ ಆ ಪದವನ್ನು ನಿನ್ನಿಂದಲೇ ಓದಿಸುತ್ತೇನೆ ಎಂದು ಮಾತು ಕೊಟ್ಟೆ.

ಆ ದಿನ ಬೆಳಿಗ್ಗೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಸಾಹೇಬ್ರ ಮುಂದೆ ಆ ಹುಡುಗಿ ತಡವರಿಸಿದ್ರೆ ನಿನ್ನ ಪಾಠ ಕೆಡ್ತೈತೆ. ಒಂದು ದಿನ ತಾನೇ, ಹೊರಗೆ ಕೂತ್ಕಳ್ಳಲಿ ಬಿಡು." ಅವರ ದನಿಯಲ್ಲಿ ನನ್ನ ಮೇಲಿನ ಕಾಳಜಿಯಲ್ಲದೆ ಬೇರೇನೂ ಇರಲಿಲ್ಲ. ನಾನು ಹೂಂ ಅಂದೆ. ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿಸಿಕೊಂಡು ಮೊದಲ ಸಾಲಿನಲ್ಲಿ ಬಂದು ಕುಳಿತಿದ್ದವಳನ್ನು ನಾನೇ ಎಬ್ಬಿಸಿ ಕಳಿಸಿದೆ.

ಪಾಠ ಸರಾಗವಾಗಿ ಸಾಗಿತು. ಬೋರ್ಡಿನ ಮೇಲೆ ಪದ ಬರೆದು, ಮೇಷ್ಟ್ರು ಕಾಯುತ್ತಿದ್ದ ಹಾಗೆಯೇ ಕಾದೆ. ಒಳಗಿನವರು ಬಾಯಿ ತೆರೆಯುವ ಮೊದಲೇ ಬಾಗಿಲಾಚೆಯಿಂದ "ನೀರು" ಎಂದು ಕೇಳಿಸಿತು. ಪರೀಕ್ಷಕರು ಅತ್ತ ತಿರುಗಿದರು. ಅವಳೇ ಓದಿದ್ದು ಎಂದು ಹೇಳಿ ಒಳಗೆ ಕರೆಯಲು ಅರೆಗಳಿಗೆ ಸಾಕಿತ್ತು. "ಹೊರಗಡೆ ಗಲಾಟೆ ಮಾಡಬಾರದು" ಎಂದೆ.

ನನಗೆ ಒಳ್ಳೆಯ ಅಂಕ ಬಂತು. ಆಮೇಲೆ ಎಷ್ಟು ವರ್ಷ ಪಾಠ ಮಾಡಿದರೂ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗಿಲ್ಲ. ಮರುದಿನ ಬಿಡುವಿನಲ್ಲಿ ಹುಣಸೆ ಬೀಜದ ಪೊಟ್ಟಣ ಬಿಚ್ಚಿ ಅವಳನ್ನು ಕರೆದೆ. ಅವಳು ಬೀಜಗಳ ಕಡೆ ನೋಡಲಿಲ್ಲ. ಜಗಲಿಯಂಚಿಗೆ ಹೋಗಿ ನನ್ನ ಚಪ್ಪಲಿಯ ಪಕ್ಕ ಕುಳಿತಳು.

"ನೀವು ಊಟ ಮಾಡ್ರಿ ಟೀಚರ್, ಚಪ್ಪಲಿ ನಾನು ನೋಡ್ಕಂತೀನಿ."

ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.