ಏಳಕ್ಷರ, ಆಮೇಲೆ ಒಸಿ

ದೋಸೆ ಹಿಟ್ಟು ರುಬ್ಬುವುದನ್ನು ನಾನು ಯಾರ ಕೈಗೂ ಬಿಡುವವಳಲ್ಲ. ಸೊಸೆ ಬಂದು ವರ್ಷಗಳಾದವು. ಒಲೆಯನ್ನು ಬಿಟ್ಟುಕೊಟ್ಟೆ, ಬೀರುವಿನ ಬೀಗದ ಕೈ ಬಿಟ್ಟುಕೊಟ್ಟೆ, ಮಗನನ್ನಂತೂ ಅವಳು ಕೇಳದೆಯೇ ತೆಗೆದುಕೊಂಡಳು. ಒರಳುಕಲ್ಲು ಮಾತ್ರ ನನ್ನದು. ಮೊನ್ನೆ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕೂತು ಗುಂಡು ತಿರುಗಿಸುತ್ತಿದ್ದೆ. ಅಡುಗೆಮನೆಯಿಂದ ಅರಗು ಕರಗುವ ವಾಸನೆ ಬಂತು. ಅದರ ಜೊತೆಗೆ ಸೊಸೆ ಮೆಲ್ಲಗೆ ಏನೋ ಗುನುಗುವುದು ಕೇಳಿಸಿತು, ನನಗೆ ಗೊತ್ತಿಲ್ಲದ ಹಾಡು. ಸರಿಯಾಗಿ ಕೇಳೋಣವೆಂದು ಗುಂಡು ನಿಲ್ಲಿಸಿದೆ. ಹಾಡೂ ನಿಂತಿತು.

“ಆ ಹಾಡು ಯಾರದೇ?” ಎಂದು ಕೂತಲ್ಲಿಂದಲೇ ಕೇಳಿದೆ.

“ಯಾರದೂ ಅಲ್ಲ ಅತ್ತೆ, ಸುಮ್ನೆ” ಎನ್ನುತ್ತ ಅವಳು ಹೊರಗೆ ಬಂದಳು. ಕೈಯಲ್ಲಿ ನನ್ನ ಮರದ ಕುಂಕುಮ ಭರಣಿ. ಹಾಡಿನ ಗುಂಗಿನಲ್ಲಿ ಅದನ್ನು ಒಲೆಯ ಪಕ್ಕ ಇಟ್ಟು ಮರೆತಿದ್ದಳಂತೆ. ಒಂದು ಮಗ್ಗುಲಿನ ಕೆಂಪು ಅರಗು ಜಾರಿ, ಭರಣಿಗೆ ಕೆನ್ನೆ ಬಾತ ಹಾಗೆ ಆಗಿತ್ತು. ನಲವತ್ತು ವರ್ಷದ ಭರಣಿ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಒಳ್ಳೆಯ ಬೈಗುಳವೇ. ಆದರೆ ಆ ವಾಸನೆ ಮೂಗಿಗೆ ಹತ್ತಿದ್ದೇ ಬಾಯಿಗೆ ಬಂದದ್ದು ಮರೆತುಹೋಯಿತು. ಅರಗಿನ ವಾಸನೆ ನನ್ನ ಪಾಲಿಗೆ ಚನ್ನಪಟ್ಟಣದ ವಾಸನೆ. ಅದರಲ್ಲೂ ನನ್ನ ಮಾವನವರ ಹುರುಳಿ ಕೋಣೆಯ ವಾಸನೆ.

ನಾನು ಸೊಸೆಯಾಗಿ ಆ ಮನೆಗೆ ಹೋದದ್ದು ಮಹಾರಾಜರ ಕಾಲದಲ್ಲಿ. ಮಾವನವರು ಶಿರಸ್ತೇದಾರರಾಗಿದ್ದು ಆಗಷ್ಟೇ ಪೆನ್ಷನ್ ಪಡೆದಿದ್ದರು. ಪೆನ್ಷನ್ ಬಂದವರು ರಾಮಕೋಟಿ ಬರೆಯುತ್ತಾರೆ, ಇಲ್ಲವೇ ಅಣ್ಣತಮ್ಮಂದಿರ ಮೇಲೆ ದಾವಾ ಹಾಕುತ್ತಾರೆ. ನಮ್ಮ ಮಾವನವರು ಎರಡನ್ನೂ ಬಿಟ್ಟು ಹೊಸ ಸಂಗೀತವನ್ನು ಉದ್ಧಾರ ಮಾಡಲು ಹೊರಟರು. ಅವರ ವಾದ ಇದು: ಸತ್ತವರ ಕೃತಿಗಳಿಗೆ ಊರೆಲ್ಲ ಎಲೆ ಹಾಕಿ ಬಡಿಸುತ್ತದೆ, ಬದುಕಿದ್ದು ಹೊಸದು ಕಟ್ಟುವವನಿಗೆ ಒಂದು ಲೋಟ ಕಾಫಿ ಕೊಡುವವರಿಲ್ಲ. ಹಾಡು ಕೇಳಿ ತಲೆದೂಗಿದವರೇ ಕೊನೆಗೆ “ಯಾರದು?” ಎಂದು ಕೇಳುತ್ತಾರೆ. ಅವನು “ನನ್ನದೇ” ಎಂದರೆ ಸಾಕು, ತೂಗಿದ ತಲೆ ನಿಲ್ಲುತ್ತದೆ, ಕೈ ಅಂಗವಸ್ತ್ರ ಹುಡುಕುತ್ತದೆ. ಹಿತ್ತಲ ಗಿಡ ಮದ್ದಲ್ಲ.

ಅದಕ್ಕಾಗಿ ಮನೆಯ ಹಿಂಭಾಗದಲ್ಲಿ ಹುರುಳಿ ತುಂಬಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿದರು. ಹತ್ತು ಜನ ಮಂಡಿ ಮಡಿಸಿ ಕೂರಬಹುದಾದಷ್ಟು ಜಾಗ. ಹೊಸದು ಎಳೆಯ ಕೂಸು, ಅಂಗಳಕ್ಕೆ ತಂದರೆ ದೃಷ್ಟಿಯಾಗುತ್ತದೆ, ಕೋಣೆಯಲ್ಲೇ ಬೆಳೆಯಬೇಕು ಎನ್ನುವರು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಸಂಗೀತ. ನಿಯಮ ಎರಡೇ: ಕೃತಿ ಕಟ್ಟಿದವನು ಜೀವಂತವಾಗಿ ಎದುರಿಗೆ ಕೂತಿರಬೇಕು, ಯಾರೂ “ಯಾರದು” ಎಂದು ಕೇಳಬಾರದು. “ಹುರುಳಿ ಹೋದರೂ ಹುರುಳು ಬರುತ್ತೆ” ಎಂದು ಮಾವನವರು ಬಂದವರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು. ಅತ್ತೆಯವರು ನಗುತ್ತಿರಲಿಲ್ಲ. ಹುರುಳಿ ಮೂಟೆಗಳು ಅವರು ಮಲಗುವ ಕೋಣೆಗೆ ಬಂದಿದ್ದವು.

ಬಂದವರು ಎಂಥೆಂಥವರು ಎನ್ನುತ್ತೀರಿ. ಮಾಗಡಿಯಿಂದ ಒಬ್ಬ ಮಹನೀಯರು ಬಂದು, ಹಿಂದಿನ ದಿನವಷ್ಟೇ ತಮಗೆ ಹೊಳೆದದ್ದೆಂದು ದೇವಿಯ ಮೇಲೆ ಒಂದು ಕೃತಿ ಹಾಡತೊಡಗಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅಡುಗೆಮನೆಯಿಂದ ನಮ್ಮ ಅತ್ತೆ ಎರಡನೆಯ ಸಾಲು ಹಾಡಿದರು. ಮಹನೀಯರು ಮೂರನೆಯದಕ್ಕೆ ಬಂದರೆ ಅತ್ತೆ ನಾಲ್ಕನೆಯದನ್ನು ಮುಗಿಸಿದ್ದರು. ಅದು ಅತ್ತೆಯ ತವರಿನಲ್ಲಿ ಹೆಂಗಸರು ಹೇಳುತ್ತಿದ್ದ ಆರತಿ ಹಾಡು. ಮಹನೀಯರು ಕೊನೆಯಲ್ಲಿ ತಮ್ಮ ಹೆಸರು ಸೇರಿಸಿದ್ದರು ಅಷ್ಟೇ. ಮಾವನವರು ಅವರಿಗೂ ಕಾಫಿ ಕೊಡಿಸಿದರು. ಹೆಸರಾದರೂ ಹೊಸದಲ್ಲವೇ ಎಂದರು.

ಹೀಗೆ ಕಾಫಿ ಖರ್ಚಾಗುತ್ತಿದ್ದಾಗ ಸಿದ್ದೇಗೌಡ ಬಂದ. ಕೂಟಗಲ್ಲಿನ ಕಡೆಯ ಬೇಸಾಯಗಾರರ ಮಗ. ಚನ್ನಪಟ್ಟಣದಲ್ಲಿ ತಂತಿ ಎಳೆಯುವವರ ಹತ್ತಿರ ಕೆಲಸಕ್ಕಿದ್ದ. ನಮ್ಮೂರಿನ ವೀಣೆ ತಂತಿ ಆಗ ದೂರದೂರಕ್ಕೆ ಹೋಗುತ್ತಿತ್ತು. ಎಳೆದ ತಂತಿಯನ್ನು ಒಂದು ಹಳೆಯ ವೀಣೆಗೆ ಕಟ್ಟಿ ಮೀಟಿ ನೋಡುವುದು ಅವನ ಕೆಲಸ. ಮೀಟಿ ಮೀಟಿ ವೀಣೆಯೇ ಕೈಗೆ ಬಂದಿತ್ತು. ಸಾಹಿತ್ಯ ಕಟ್ಟಲು ಬಾರದು, ಬರಿಯ ಸ್ವರ. ವೀಣೆ ಒಂದು ಮಾತಾಡಿದರೆ ಪಿಟೀಲು ಅದಕ್ಕೆ ಎದುರಾಡಬೇಕು, ಘಟ ಇಬ್ಬರ ಜಗಳ ಬಿಡಿಸಬೇಕು, ಅಂಥದೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ. ವೀಣೆ ಅವನದು, ಘಟ ನಮ್ಮ ಯಜಮಾನರದು. ಪಿಟೀಲು, ಅಯ್ಯೋ, ಮಾವನವರದೇ. ಅವರ ಪಿಟೀಲು ಅಪಸ್ವರ ನುಡಿದಾಗಲೆಲ್ಲ ಮಳೆಗಾಲದ ಥಂಡಿಯ ಮೇಲೆ ತಪ್ಪು ಹೊರಿಸುತ್ತಿದ್ದರು. ಬೇಸಿಗೆಯಲ್ಲಿ ಬಿಸಿಲಿನ ಮೇಲೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಿದ್ದೇಗೌಡ ಅದನ್ನು ಕಂಡುಕೊಂಡು, ಪಿಟೀಲಿಗೆ ಯಾರೂ ಕೆಡಿಸಲಾಗದಂಥ ಉದ್ದುದ್ದ ಸ್ವರಗಳನ್ನೇ ಇಟ್ಟಿದ್ದ.

ನಮ್ಮ ಅತ್ತೆ ಅವನ ಕಾಫಿಯನ್ನು ಬೇರೆ ಲೋಟದಲ್ಲಿ ಕೊಟ್ಟು, ಆ ಲೋಟವನ್ನು ಬೇರೆ ಗೂಡಿನಲ್ಲಿ ಇಡುತ್ತಿದ್ದರು. ಕಾಲ ಹಾಗಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ನನಗೆ ಆಗಲೂ ಅದು ಚೆನ್ನಾಗಿ ಕಾಣಲಿಲ್ಲ. ಅದಕ್ಕೆ ಪರಿಹಾರ ಕಂಡದ್ದು ಧರ್ಮದಿಂದಲ್ಲ, ಆಸೆಯಿಂದ. ಆ ಲೋಟ ಮಿಕ್ಕವುಗಳಿಗಿಂತ ದೊಡ್ಡದೆಂದು ಮಾವನವರು ಪತ್ತೆ ಹಚ್ಚಿ, ತಮಗೂ ಅದರಲ್ಲೇ ಬೇಕೆಂದು ಹಟ ಹಿಡಿದ ಮೇಲೆ ನಮ್ಮ ಮನೆಯ ಲೋಟಗಳ ಜಾತಿ ಕಲಸಿಹೋಯಿತು.

ಹುರುಳಿ ಕೋಣೆಯ ಹಿಂಗೋಡೆಗೆ ಅಂಟಿಕೊಂಡೇ ಖಾದರ್ ಸಾಹೇಬರ ಕೆಲಸದ ಮನೆ. ಬಿಲ್ಲಿನ ಹಗ್ಗವನ್ನು ಮರಕ್ಕೆ ಸುತ್ತಿ, ಎಳೆದು ತಿರುಗಿಸಿ ಬೊಂಬೆ, ಭರಣಿ, ವೀಣೆಯ ಬಿರಡೆ ಎಲ್ಲ ಕಡೆಯುತ್ತಿದ್ದರು. ಬಿಲ್ಲು ಹೋಗುವಾಗ ಒಂದು ಸದ್ದು, ಬರುವಾಗ ಒಂದು ಸದ್ದು, ಆಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಸದ್ದೇ ಇಲ್ಲದ ಒಂದು ಗಳಿಗೆ. ದಿನವಿಡೀ ಇದೇ. ಅದು ನಮಗೆ ಕೇಳಿಸುತ್ತಲೇ ಇರಲಿಲ್ಲ. ನಮ್ಮ ಮನೆಯ ಗಡಿಯಾರದ ಸದ್ದು ನಮಗೆ ಕೇಳಿಸುತ್ತದೆಯೇ, ಹಾಗೆ.

ಆ ವರ್ಷ ಯುಗಾದಿ ಹತ್ತಿರವಾದಾಗ ಸಿದ್ದೇಗೌಡ ಮುಖ ಸಪ್ಪಗೆ ಮಾಡಿಕೊಂಡು ಬಂದ. ಅಪ್ಪ ಹೇಳಿಕಳಿಸಿದ್ದರಂತೆ. ಯುಗಾದಿಗೆ ಹೊನ್ನಾರು ಕಟ್ಟಿ ಹೊಸ ವರ್ಷದ ಮೊದಲ ಉಳುಮೆ ಮಾಡಲು ಮಗ ಬರಬೇಕು; ಬಂದವನು ಅಲ್ಲೇ ನಿಲ್ಲಬೇಕು. “ಆ ವೀಣೇಲಿ ಉಳಕ್ಕಾಯ್ತದಾ ಕೇಳು ಅಂದವ್ರೆ ಬುದ್ಧಿ” ಎಂದು ಮಾವನವರ ಮುಂದೆ ಹೇಳಿ ತಲೆ ತಗ್ಗಿಸಿದ. ಮೈಸೂರಿನಲ್ಲಿ ಯಾರಾದರೂ ದೊಡ್ಡವರು ಶಿಷ್ಯನನ್ನಾಗಿ ಇಟ್ಟುಕೊಂಡರೆ ಅಪ್ಪ ಒಪ್ಪಿಯಾರು. ಇಲ್ಲದಿದ್ದರೆ ವೀಣೆ ಅಲ್ಲಿಗೆ ಮುಗಿಯಿತು.

ಮಾವನವರು ಎಲ್ಲೆಲ್ಲೋ ವಶೀಲಿ ಹಚ್ಚಿ ಮೈಸೂರಿನ ವಿದ್ವಾಂಸರೊಬ್ಬರನ್ನು ಒಪ್ಪಿಸಿದರು. ಅವರು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಒಂದು ರೈಲಿನಿಂದ ಇಳಿದು, ಕೇಳಿ, ಇನ್ನೊಂದು ರೈಲು ಹತ್ತುವುದು. ಮನೆಯಲ್ಲಿ ಸಡಗರವೋ ಸಡಗರ. ಸುಣ್ಣ ಬಳಿದೆವು. ಅತ್ತೆ ಕೋಡುಬಳೆ ಕರಿದರು. ಯಜಮಾನರು ಘಟಕ್ಕೆ ಕುಂಕುಮವಿಟ್ಟರು.

ವಿದ್ವಾಂಸರು ಬಂದರು. ಜರಿಯ ಶಾಲು, ಕಿವಿಯಲ್ಲಿ ಹತ್ತಕಡಕು, ಕೈಯಲ್ಲಿ ನಶ್ಯದ ಡಬ್ಬಿ. ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದರು. ಸಿದ್ದೇಗೌಡ ಶುರುಮಾಡಿದ. ಮೊದಲ ಆವರ್ತ ಹೇಗೋ ದಾಟಿತು. ಎರಡನೆಯದರಲ್ಲಿ ವೀಣೆ ಮುಂದೆ ಹೋಯಿತು, ಘಟ ಹಿಂದೆ ಉಳಿಯಿತು, ಪಿಟೀಲು ಎರಡನ್ನೂ ಬಿಟ್ಟು ಬೇರೆ ಊರಿಗೆ ಹೊರಟಿತು. ನಿಲ್ಲಿಸಿ ಮತ್ತೆ ಶುರುಮಾಡಿದರು. ಮತ್ತೆ ಅದೇ ಜಾಗದಲ್ಲಿ ಕುಸಿಯಿತು. ಮಾವನವರು ತಂತಿ ಸರಿಯಿಲ್ಲ ಎಂದರು. ತಂತಿಯನ್ನು ಮೀಟಿ ನೋಡಿ ಸರಿಯಿದೆಯೆಂದು ತಂದವನೇ ಎದುರಿಗೆ ಕೂತಿದ್ದ. ಪಾಪ, ಅವನು ಹೌದೆಂದು ತಲೆಯಾಡಿಸಿದ.

“ಆವರ್ತಕ್ಕೆ ಎಷ್ಟು ಅಕ್ಷರವಪ್ಪಾ?” ಎಂದರು ವಿದ್ವಾಂಸರು, ಕಣ್ಣು ತೆರೆಯದೆ.

“ಏಳು ಸ್ವಾಮಿ. ಆಮೇಲೆ ಒಸಿ.”

ವಿದ್ವಾಂಸರು ಕಣ್ಣು ತೆರೆದರು. “ಒಸಿ ಅಂದರೆ ಎಷ್ಟು? ಒಂದೋ, ಎರಡೋ?”

“ಅದು ಲೆಕ್ಕುಕ್ಕೆ ಸಿಗಾಕಿಲ್ಲ ಸ್ವಾಮಿ. ಒಸಿ ಅಂದ್ರೆ ಒಸೀನೇಯ. ದಿನಾ ತಾನೇ ಬಂದ್ಬುಡ್ತಿತ್ತು. ಇವತ್ತು ಯಾಕೋ ಬತ್ತಾ ಇಲ್ಲ.”

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ವಿದ್ವಾಂಸರು ನಶ್ಯದ ಡಬ್ಬಿ ಮುಚ್ಚಿದರು, ಟಕ್ಕೆಂದು. ಆ ಟಕ್ಕು ನನಗೆ ಅಷ್ಟು ದೂರದಿಂದ ಸ್ಪಷ್ಟವಾಗಿ ಕೇಳಿಸಿದ್ದು ಹೇಗೆ ಎಂದು ಯೋಚಿಸಿದೆ. ಮನೆ ಅಷ್ಟು ನಿಶ್ಶಬ್ದವಾಗಿತ್ತು. ಆ ಮನೆಗೆ ಬಂದಾಗಿನಿಂದ ಅಂಥ ನಿಶ್ಶಬ್ದವನ್ನು ನಾನು ಕೇಳಿರಲೇ ಇಲ್ಲ.

ಅಲ್ಲಿಯವರೆಗೆ ನಾನು ಪರಗಂಡಸರೊಡನೆ ಮಾತಾಡಿದವಳಲ್ಲ. ಆಚೆಮನೆಯವರೊಡನಂತೂ ಇಲ್ಲವೇ ಇಲ್ಲ. ಸೀರೆ ಎತ್ತಿ ಕಟ್ಟಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಹತ್ತಿ ಗೋಡೆಯ ಮೇಲೆ ತಲೆ ಹಾಕಿದೆ. ಆಚೆ ಕಂಡದ್ದೇನು? ಖಾದರ್ ಸಾಹೇಬರು ಬಿಳಿ ಜುಬ್ಬ ತೊಟ್ಟು, ಟೋಪಿ ಹಾಕಿ, ನಮ್ಮ ಕೋಣೆಯ ಹಿಂಗೋಡೆಗೆ ಮುಖಮಾಡಿ ಚಾಪೆಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಅಳಿಯ, ಹಿಂದೆ ಪರದೆಯ ಮರೆಯಲ್ಲಿ ಹೆಂಗಸರು. ಎಲ್ಲರೂ ಸಭೆಗೆ ಬಂದವರ ಹಾಗೆ ಗೋಡೆಯನ್ನೇ ನೋಡುತ್ತಿದ್ದಾರೆ. ಬಿಲ್ಲು ಮೂಲೆಯಲ್ಲಿ ಒರಗಿದೆ.

“ಸಾಹೇಬರೇ, ಕೆಲಸ ಯಾಕೆ ನಿಲ್ಲಿಸಿದಿರಿ?” ಎಂದೆ.

ಅವರು ಗಾಬರಿಯಾಗಿ ಎದ್ದು ನಿಂತರು. “ದೊಡ್ಡೋರು ಬಂದವ್ರೆ ಅಂತ ಬಂದ್ ಮಾಡ್ಬುಟ್ಟಿದೀವಿ ತಾಯಿ. ಅದಬ್, ಮರ್ಯಾದೆ ಇರಬೇಕಲ್ಲ.”

“ನೀವು ನಿಲ್ಲಿಸಿದ್ದಕ್ಕೇ ಒಳಗೂ ನಿಂತುಹೋಗಿದೆ. ದಮ್ಮಯ್ಯ, ಶುರುಮಾಡಿ.”

ಅವರಿಗೆ ಅರ್ಥವಾಗಲಿಲ್ಲ, ತಮಗೆ ಸಂಗೀತ ಗೊತ್ತಿಲ್ಲ ಎಂದು ಕೈ ಮುಗಿದರು. ನನಗೂ ಗೊತ್ತಿಲ್ಲ, ಸುಮ್ಮನೆ ಒಂದು ಭರಣಿ ಕಡೆಯಿರಿ ಎಂದೆ. ಬಿಳಿ ಜುಬ್ಬದಲ್ಲೇ ಕೆಲಸಕ್ಕೆ ಕೂತರು.

ಕೆಳಗಿಳಿದು ಅಡುಗೆಮನೆಗೆ ಬಂದರೆ ಅತ್ತೆ ಎದುರಾದರು. ಎಲ್ಲಿಗೆ ಹೋಗಿದ್ದೆ ಎಂದರು.

“ಒಸಿ ತರೋದಕ್ಕೆ ಹೋಗಿದ್ದೆ ಅತ್ತೆ.”

“ಒಸಿ ಏನು? ಉಪ್ಪೋ, ಸಕ್ಕರೆಯೋ? ಅದನ್ನಾದರೂ ಸರಿಯಾಗಿ ಹೇಳಬಾರದೇನೇ” ಎಂದು ಅವರು ಬೈಯುತ್ತಿದ್ದ ಹಾಗೇ ಗೋಡೆಯ ಆಚೆ ಬಿಲ್ಲು ಎಳೆದ ಸದ್ದಾಯಿತು. ಹೋಯಿತು, ಬಂತು, ಅರಗು ಹಿಡಿಯಿತು.

ಬಾಗಿಲ ಮರೆಗೆ ಓಡಿ ಇಣುಕಿದೆ. ಸಿದ್ದೇಗೌಡ ತಲೆಯೆತ್ತಿದ. ಕಿವಿಗೊಟ್ಟ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ನಾಚಿಕೆ, ಆಮೇಲೆ ಎಂಥದೋ ಒಂದು ನಗು. ತನ್ನ ಕೃತಿಯಲ್ಲಿ ನಾಲ್ಕನೆಯವರೊಬ್ಬರು ಇದ್ದಾರೆಂದು ಅವನಿಗೂ ಗೊತ್ತಾದದ್ದು ಆಗಲೇ. ಯಾರ ಅಪ್ಪಣೆಗೂ ಕಾಯದೆ ತಂತಿ ಮೀಟಿದ. ಈ ಸಲ ವೀಣೆ ಕೇಳಿದ್ದಕ್ಕೆ ಪಿಟೀಲು ಉತ್ತರ ಕೊಟ್ಟಿತು, ಘಟ ನಡುವೆ ಬಂದು ಸಮಾಧಾನ ಹೇಳಿತು. ಪ್ರತಿ ಆವರ್ತದ ಕೊನೆಗೆ ಎಲ್ಲರೂ ಆಚೆಮನೆಯ ಅರಗು ಹಿಡಿಯುವವರೆಗೆ ಉಸಿರು ಹಿಡಿದು, ಒಟ್ಟಿಗೆ ಇಳಿಯುತ್ತಿದ್ದರು. ಅರಗಿನ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಮಾತೇ ಇಲ್ಲದ ಹಾಡಿಗೆ ನಾನು ಯಾಕೆ ಅತ್ತೆನೋ ತಿಳಿಯದು. ಅತ್ತೆಯವರು ತಮ್ಮ ಕಣ್ಣೀರನ್ನು ಈರುಳ್ಳಿಯ ಮೇಲೆ ಹಾಕಿದರು; ನಮ್ಮ ಮನೆಯಲ್ಲಿ ಆಗ ಈರುಳ್ಳಿಯನ್ನು ಒಳಗೇ ಸೇರಿಸುತ್ತಿರಲಿಲ್ಲ.

ಮುಗಿದಾಗ ವಿದ್ವಾಂಸರು “ಯಾರದು” ಎಂದು ಕೇಳಲಿಲ್ಲ. ಮುಚ್ಚಿದ್ದ ನಶ್ಯದ ಡಬ್ಬಿಯನ್ನು ಮತ್ತೆ ತೆರೆದು, “ಹುಡುಗನನ್ನು ನಾನು ಕರೆದುಕೊಂಡು ಹೋಗ್ತೀನಿ ಶಿರಸ್ತೇದಾರರೇ. ಗೋಡೆಯನ್ನೇನು ಮಾಡೋಣ?” ಎಂದರು. ಅಷ್ಟರಲ್ಲಿ ರೈಲು ಹೊರಟುಹೋಗಿತ್ತು. ಕೋಡುಬಳೆಯೂ ಮುಗಿಯಿತು.

ಸಿದ್ದೇಗೌಡ ಹೊನ್ನಾರಿಗೆ ಊರಿಗೆ ಹೋಗಿ ಅಪ್ಪನ ಮನಸ್ಸು ತಣಿಯುವಷ್ಟು ಉತ್ತು, ಅಲ್ಲಿಂದ ಮೈಸೂರಿಗೆ ಹೋದ. ಆ ದಿನ ಕಡೆದ ಭರಣಿಯನ್ನು ಖಾದರ್ ಸಾಹೇಬರು ಗೋಡೆಯ ಮೇಲಿನಿಂದಲೇ ನನಗೆ ಕೊಟ್ಟರು. ಮುಂದಿನ ಯುಗಾದಿಗೆ ಸಿದ್ದೇಗೌಡ ಒಳ್ಳೆಯ ಪೇಟ ಸುತ್ತಿಕೊಂಡು ಬಂದಾಗ, ಆ ಕೃತಿ ಅಲ್ಲಿ ನುಡಿಸುತ್ತೀಯಾ ಎಂದು ಕೇಳಿದೆ. “ನುಡಿಸ್ತೀವಿ ಅಮ್ಮಾರೆ. ಮೈಸೂರಲ್ಲಿ ಒಸೀನ ಅಳೆದ್ಬುಟ್ರು. ಎರಡಕ್ಸರ ಅಂತೆ. ಚೆಂದಾಗೇ ಐತೆ” ಎಂದ. ಆದರೆ ಹುರುಳಿ ಕೋಣೆಗೆ ಹೋಗಿ ಕೂತವನು, ಗೋಡೆಯ ಆಚೆ ಬಿಲ್ಲಿನ ಸದ್ದು ಬರುವವರೆಗೆ ವೀಣೆ ಮುಟ್ಟಲಿಲ್ಲ.

ಅದೆಲ್ಲ ಆಗಿ ಎಷ್ಟೋ ಕಾಲವಾಯಿತು. ಮಾವನವರಿಲ್ಲ, ಖಾದರ್ ಸಾಹೇಬರಿಲ್ಲ. ಇರುವುದು ನಾನು, ಕೆನ್ನೆ ಬಾತ ಭರಣಿ, ಬೈಗುಳಕ್ಕೆ ಕಾದು ನಿಂತ ಸೊಸೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಮನೆಯಲ್ಲಿ ಬಾಳಿದ ನಾನೇ ಅವಳನ್ನು “ಯಾರದು” ಎಂದು ಕೇಳಿದೆನಲ್ಲ ಎಂದು ನನ್ನ ಮೇಲೆ ನನಗೇ ನಗು ಬಂತು.

“ಒಸಿ ಕರಗಿದೆ, ಹೋಗಲಿ ಬಿಡು” ಎಂದು ಭರಣಿಯನ್ನು ಈಸಿಕೊಂಡೆ. “ಇನ್ನೊಂದು ಸಲ ಹಾಡು, ಕೇಳೋಣ.”

“ಹೋಯ್ತು ಅತ್ತೆ. ಚೆನ್ನಾಗಿ ಬರ್ತಿತ್ತು, ತಟ್ಟನೆ ಹೋಗಿಬಿಡ್ತು” ಎಂದು ಅವಳು ಬೇಸರದಿಂದ ಒಳಗೆ ಹೋದಳು.

ಕೂತೆ. ಹಿತ್ತಲು ನಿಶ್ಶಬ್ದವಾಗಿತ್ತು. ಕೈಗೆ ಮೆತ್ತಿದ ಹಿಟ್ಟು ಒಣಗತೊಡಗಿತ್ತು. ಆಗ ಹೊಳೆಯಿತು ನನಗೆ. ಸದ್ದಿಲ್ಲದೆ ಸೆರಗು ಸಿಕ್ಕಿಸಿಕೊಂಡು ಗುಂಡು ಹಿಡಿದು ತಿರುಗಿಸಿದೆ, ಎಂದಿನ ಹಾಗೆ ಒಂದು ಸುತ್ತು, ಇನ್ನೊಂದು ಸುತ್ತು, ಹಿಟ್ಟು ಒಳಗೆ ತಳ್ಳಲು ಒಸಿ ನಿಲ್ಲುವುದು, ಮತ್ತೆ ಸುತ್ತು. ಕೆಲವು ಸುತ್ತು ಏನೂ ಆಗಲಿಲ್ಲ. ಆಮೇಲೆ ಅಡುಗೆಮನೆಯಿಂದ ಮೆಲ್ಲಗೆ ಹಾಡು ಬಂತು.

ಹಿಟ್ಟು ನುಣ್ಣಗಾಗಿ ಆಗಲೇ ಬಹಳ ಹೊತ್ತಾಗಿತ್ತು. ನಾನು ರುಬ್ಬುತ್ತಲೇ ಇದ್ದೆ.