ಕದಲಿಸಬಾರದ ಮಂಚ

ಹರಿದ ಬಟ್ಟೆಗೆ ಅದೇ ಬಟ್ಟೆಯ ಎಳೆ ಕಿತ್ತು, ನೇಯ್ದ ಹಾಗೆ ಹೊಲಿದು ಮುಚ್ಚುವುದಕ್ಕೆ ರಫು ಎನ್ನುತ್ತಾರೆ. ಆ ಕೆಲಸ ಮಾಡುವವಳಾದ್ದರಿಂದ ಬೀದಿಯವರಿಗೆಲ್ಲ ಅವಳು ರಫು ಅಕ್ಕ. ಸಿಟ್ಟು ಬಂದಾಗ ಅತ್ತೆಯೂ ಹಾಗೇ ಕರೆಯುತ್ತಿದ್ದಳು. ಕೂದಲಿಗಿಂತ ಸಣ್ಣ ಎಳೆ ಹಿಡಿಯುವ ಕಣ್ಣಿಗೆ ದೀಪ ಸಾಲದು, ಹಗಲ ಬೆಳಕೇ ಬೇಕು. ಬಾಡಿಗೆ ಮನೆಗಳಲ್ಲಿ ಅವಳು ಬೆಳಕಿನ ಹಿಂದೆ ಬೆಕ್ಕಿನ ಹಾಗೆ ಸರಿದಾಡಿದವಳು. ಬೆಳಿಗ್ಗೆ ಹೊಸ್ತಿಲ ಬಳಿ, ಮಧ್ಯಾಹ್ನ ಬಚ್ಚಲ ಬಾಗಿಲಲ್ಲಿ. ಹಾಗಾಗಿ ಸ್ವಂತ ಮನೆ ಕೊಳ್ಳುವಾಗ ಗಂಡ ನಲ್ಲಿ ತಿರುಗಿಸಿ ನೋಡಿದ, ಅತ್ತೆ ಗೋಡೆ ತಟ್ಟಿ ನೋಡಿದಳು, ಇವಳು ನೋಡಿದ್ದು ಹಿಂದಿನ ಕೋಣೆಯ ಕಿಟಕಿಯೊಂದನ್ನೇ. ಅಗಲದ ಕಿಟಕಿ, ಬಿಸಿಲು ನೇರ ಬೀಳದು, ದಿನವಿಡೀ ಹಾಲಿನಂಥ ಬೆಳಕು.

ಅದರ ಕೆಳಗೆ ಆನೆಯಂಥ ಒಂದು ಮರದ ಮಂಚ.

ಮನೆ ಮಾರುತ್ತಿದ್ದವನು ಬಣ್ಣದಂಗಡಿಯವನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಅತ್ತೆ ಮಂಚದ ಮೇಲೆ ಕೂತು ಸೊಂಟ ನೀವಿಕೊಂಡದ್ದು ನೋಡಿ, "ಅಮ್ಮಾ, ಇದನ್ನ ನಿಮಗೇ ಬಿಟ್ಟು ಹೋಗ್ತೀನಿ. ಆದ್ರೆ ಇಲ್ಲಿಂದ ಮಾತ್ರ ಕದಲಿಸಬೇಡಿ. ಗಾಳಿ ಚೆನ್ನಾಗಿ ಬರುತ್ತೆ," ಎಂದ.

ಅತ್ತೆ ಕರಗಿ ನೀರಾದಳು. ಹೊಸ ಬೀದಿಗೆ ಬಂದವಳೇ ಹಾಲಿನ ಅಂಗಡಿಯಲ್ಲಿ, ಔಷಧದ ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ ಅದೇ ಕಥೆ: "ಹೆತ್ತ ಮಗನೂ ಹೀಗೆ ನೋಡ್ಕೊಳ್ಳಲ್ಲ ಕಣ್ರೀ. ಕದಲಿಸಬೇಡಿ ಅಮ್ಮಾ ಅಂದ, ಪುಣ್ಯಾತ್ಮ!" ಹೆತ್ತ ಮಗ, ಬಸ್ಸು ಓಡಿಸುವವನು, ಕೇಳಿಯೂ ಕೇಳದವನ ಹಾಗೆ ಬೂಟು ಕಟ್ಟಿಕೊಂಡು ಹೋಗುತ್ತಿದ್ದ.

ಮಂಚ ಅಲ್ಲೇ ಇದ್ದರೆ ರಫು ಅಕ್ಕ ಕೂರುವುದೆಲ್ಲಿ? ಅತ್ತೆ ಮಗಳ ಮನೆಗೆ ಹೋದ ಸಮಯ ನೋಡಿ ಗಂಡ ಹೆಂಡತಿ ಸೇರಿ ಅದನ್ನು ಎದುರು ಗೋಡೆಗೆ ತಳ್ಳಿದರು. ಅಡಿಯಲ್ಲಿ ನೆಲಗಲ್ಲು ಬೇರೆ ಬಣ್ಣದ್ದಿತ್ತು. ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಯಾರದೋ ಉಣ್ಣೆ ಕೋಟನ್ನು ಮಡಿಲಿಗೆಳೆದುಕೊಂಡು ಕಿಟಕಿಯ ಕೆಳಗೆ ಕೂತಳು. ಕೆಲವು ವಾರ ಸ್ವರ್ಗವೇ. ಆಮೇಲೊಂದು ಬೆಳಿಗ್ಗೆ ನೂಲಿನ ಉಂಡೆ ತಾನಾಗಿ ಗೋಡೆಯ ಕಡೆ ಉರುಳಿತು. ಎತ್ತಿಟ್ಟರೆ ಮತ್ತೆ ಉರುಳಿತು. ಏಳಲು ಕಾಲೂರಿದಾಗ ಕಲ್ಲು ಕಡಕ್ಕೆಂದು ಮೂಲೆ ಕುಸಿಯಿತು. ಬಿರುಕಿನಿಂದ ತಣ್ಣನೆಯ ಗಾಳಿಯ ಜೊತೆ ಕೊಳೆತ ನೀರಿನ ನಾತ ಬಂತು.

ಕರೆಸಿದ ಗಾರೆಯವನು ಬಗ್ಗಿ ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ಇದು ಹಳೇ ಬಾವಿ. ಮುಚ್ಚಿದ್ದು ನಾನೇ. ಮಣ್ಣು ತುಂಬಿಸೋಣ ಅಂದೆ. ಬೇಡ, ಮೇಲೊಂದು ಚಪ್ಪಡಿ ಎಳೆದುಬಿಡು ಅಂದ್ರು ಬಣ್ಣದಂಗಡಿಯವರು. ಯಾರೂ ಕಾಲಿಡಬಾರದು ಅಂತ ಮಂಚ ತಂದಿಟ್ರು."

"ನಮಗ್ಯಾಕಪ್ಪಾ ಹೇಳ್ಲಿಲ್ಲ?"

"ಬಂದ ದಿನದಿಂದ ನಿಮ್ಮತ್ತೆ ಅವರನ್ನ ಹೊಗಳ್ತಾನೇ ಇದ್ರು. ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ?"

ಬಣ್ಣದಂಗಡಿಗೆ ಹೋದರೆ ಅವನು ಡಬ್ಬದ ಮುಚ್ಚಳ ಒತ್ತುತ್ತಲೇ ಹೇಳಿದ: "ನೋಡೇ ತಾನೇ ತಗೊಂಡಿದ್ದು? ಅಲ್ದೆ, ತೂತು ಕಾಣದ ಹಾಗೆ ಮುಚ್ಚೋದು ನಿಮ್ಮ ಕಸುಬೂ ಹೌದಲ್ವಾ ಅಕ್ಕಾ?"

"ನಾನು ಮುಚ್ಚೋದು ಬಟ್ಟೆಯವರಿಗೆ ಗೊತ್ತಿರೋ ತೂತನ್ನ."

ಅವನು ನಕ್ಕು ಗಿರಾಕಿಯ ಕಡೆ ತಿರುಗಿದ.

ವಕೀಲೆಯ ಕೋಣೆ ಔಷಧದ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವಂಥದ್ದು. ಗಂಡ, ಹೆಂಡತಿ, ಅತ್ತೆ ಮೂವರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಆಕೆ ಎಲ್ಲ ಕೇಳಿಸಿಕೊಂಡು ಹೇಳಿದಳು: "ಮುರಿದ ಬಾಗಿಲು, ಒಡೆದ ಗಾಜು, ಕಣ್ಣಿಗೆ ಕಾಣೋದಕ್ಕೆ ಕೊಂಡವರೇ ಹೊಣೆ. ಜೋಪಾನವಾಗಿ ನೋಡಿದ್ರೂ ಕಾಣದ್ದು, ಆದ್ರೆ ಮಾರೋನಿಗೆ ಗೊತ್ತಿದ್ದದ್ದು, ಅದನ್ನ ಅವನು ಬಾಯಿ ಬಿಟ್ಟು ಹೇಳ್ಬೇಕು. ಹೇಳ್ದೇ ಹೋದ್ರೆ ಮೋಸ. ನೆಲ ಮುಟ್ಟೋ ಮೊದಲು ಫೋಟೋ ತೆಗೀರಿ, ಇಂಜಿನಿಯರ್ ಹತ್ರ ತೋರಿಸಿ. ತಡ ಮಾಡ್ಬೇಡಿ. ಗೊತ್ತಾದ ಮೇಲೂ ಸುಮ್ನಿದ್ರೆ ಒಪ್ಪಿಕೊಂಡ ಹಾಗಾಗುತ್ತೆ. ಮೊದಲು ನೋಟಿಸು, ಬಗ್ಗದಿದ್ರೆ ಕೋರ್ಟು."

"ಕೋರ್ಟಲ್ಲಿ ಏನು ಸಿಗುತ್ತೆ?" ಎಂದ ಗಂಡ.

"ವ್ಯಾಪಾರ ರದ್ದು ಮಾಡಿ ಅಂತ ಮನೆ ವಾಪಸು ಕೊಡಬಹುದು. ಇಲ್ಲಾ ಮನೆ ಇಟ್ಕೊಂಡು ನಷ್ಟ ತುಂಬಿಕೊಡು ಅನ್ನಬಹುದು. ಎರಡು ದೋಣಿಗೂ ಕಾಲಿಡೋಕಾಗಲ್ಲ."

"ವಾಪಸೇ ಕೊಡೋಣ," ಗಂಡ ತಟ್ಟನೆ ಅಂದ. "ಬಾವಿ ಮೇಲೆ ಯಾರು ಸಂಸಾರ ಮಾಡ್ತಾರೆ?"

"ಆ ಕಿಟಕಿ ಬಿಟ್ಟಾ?" ಎಂದಳು ರಫು ಅಕ್ಕ.

"ಯಾವುದಾದ್ರೂ ಸರಿ, ಅವನಿಗೆ ಗೊತ್ತಿತ್ತು ಅಂತ ತೋರಿಸ್ಬೇಕು," ಎಂದಳು ವಕೀಲೆ. "ಗಾರೆಯವನೊಬ್ಬನೇ ಸಾಕ್ಷಿ. ಅವನು ನಾಳೆ ಮಾತು ಬದಲಿಸಿದ್ರೆ?"

ಅಲ್ಲಿಯವರೆಗೆ ಮುಖ ಊದಿಸಿಕೊಂಡು ಕೂತಿದ್ದ ಅತ್ತೆ ಗೊಣಗಿದಳು: "ಕದಲಿಸಬೇಡಿ ಅಂದನಲ್ಲ, ಮನೆಹಾಳ!"

ವಕೀಲೆ ಪೆನ್ನು ಕೆಳಗಿಟ್ಟಳು. "ಏನಂದ್ರಿ? ಯಾರ ಎದುರಿಗೆ ಅಂದ?"

"ಅಂದದ್ದು ನನಗೆ. ಕೇಳಿದ್ದು ಇಡೀ ಬೀದಿ. ನಾನೇ ಡಂಗುರ ಹೊಡೆದಿದ್ದೀನಲ್ಲಮ್ಮಾ! ನಿನ್ನ ಕೆಳಗಿನ ಔಷಧದವನನ್ನೇ ಕೇಳು, ಕಿವಿ ಮುಚ್ಕೊಂಡಿದ್ದ."

ವಕೀಲೆಗೆ ನಗು ತಡೆಯಲಾಗಲಿಲ್ಲ. ಹೊಗಳಿಕೆ ಹೀಗೆ ಸಾಕ್ಷಿಯಾದದ್ದನ್ನು ಅವಳೂ ಕಂಡಿರಲಿಲ್ಲವಂತೆ.

ನೋಟಿಸು ತಲುಪಿದ ಮೇಲೆ ಬಣ್ಣದಂಗಡಿಯವನ ಮಾತಿನ ಜೇನು ಬತ್ತಿತು. ಮೊದಲು ಬಾವಿಯೇ ಇಲ್ಲವೆಂದ. ಬೀದಿಯವರು ಹೇಳಿಕೆ ಕೊಡಲು ಸಾಲಾಗಿ ನಿಂತಿದ್ದಾರೆಂದು ತಿಳಿದು, ತನ್ನ ವಕೀಲನೊಡನೆ ಅದೇ ಬೆಂಚಿಗೆ ಬಂದು ಕೂತ. "ಮನೆ ವಾಪಸು ಕೊಟ್ಟುಬಿಡಿ. ಪೂರ್ತಿ ದುಡ್ಡು ಕೊಡ್ತೀನಿ, ಮುಗೀತು."

ಗಂಡನ ಮುಖ ಅರಳಿತು. ಆದರೆ ಅವನು ಹೆಂಡತಿಯ ಕಡೆ ತಿರುಗಿದ. "ಅಲ್ಲಿ ಕೂರೋಳು ನೀನು. ನೀನೇ ಹೇಳು."

"ದುಡ್ಡು ಹಿಡ್ಕೊಂಡು ಆ ಬೆಳಕನ್ನ ನಾನು ಯಾವ ಬೀದೀಲಿ ಹುಡುಕ್ಲಿ?" ಎಂದಳು ರಫು ಅಕ್ಕ. "ವಾಪಸು ಬೇಡ. ಬಾವಿ ತಳದಿಂದ ತುಂಬಿಸಿ, ನೆಲ ಗಟ್ಟಿ ಮಾಡಿಸಿಕೊಡಿ. ಇಂಜಿನಿಯರ್ ನಿಂತು ನೋಡ್ಲಿ. ಅಲ್ಲೀವರೆಗೆ ನಾವು ಬೇರೆ ಮನೇಲಿರೋ ಬಾಡಿಗೆ ನಿಮ್ದು."

"ಮತ್ತೆ ಕುಸಿದ್ರೆ?" ಗಂಡ ಮೆಲ್ಲಗೆ ಕೇಳಿದ.

"ಕುಸಿದ್ರೆ ಇವರೇ ಹೊಣೆ ಅಂತಾನೂ ಬರೆಸೋಣ," ಎಂದಳು ರಫು ಅಕ್ಕ. ವಕೀಲೆ ಬರೆದುಕೊಂಡಳು.

ಕಲ್ಲು ಮಣ್ಣು ಬಿದ್ದವು, ಕಾಂಕ್ರೀಟು ಬಿತ್ತು. ಕೆಲಸ ಮುಗಿದ ದಿನ ಬಣ್ಣದಂಗಡಿಯವನು ತೋರಿಸಲು ಬಂದ. ಅತ್ತೆ ಹೊಸ್ತಿಲು ದಾಟಲಿಲ್ಲ. "ಮೊದಲು ನೀನು ಹೋಗಿ ನಿಲ್ಲಪ್ಪಾ."

ನಿಂತ.

"ನಿಂತ್ರೆ ಸಾಲ್ದು. ಕುಣಿ."

ಅವನು ಇಂಜಿನಿಯರ್ ಮುಖ ನೋಡಿದ. ಇಂಜಿನಿಯರ್ ಸೂರು ನೋಡಿದ. ಬೇರೆ ದಾರಿ ಕಾಣದೆ ಬಣ್ಣದಂಗಡಿಯವನು ಹೊಟ್ಟೆ ಹಿಡಿದುಕೊಂಡು ಧಪ್ಪಧಪ್ಪನೆ ಹಾರಿದ. ನೆಲ ಮಿಸುಕಲಿಲ್ಲ. ಆದರೂ ಅತ್ತೆ ಒಳಗೆ ಬರಲಿಲ್ಲ. ಆ ಕೋಣೆಗೆ ಕಾಲಿಡಲು ಅವಳಿಗೆ ಮತ್ತೊಂದು ಮಳೆಗಾಲವೇ ಕಳೆಯಬೇಕಾಯಿತು.

ರಫು ಅಕ್ಕ ಅಷ್ಟು ಕಾಯಲಿಲ್ಲ. ಅವನು ಇನ್ನೂ ಏದುಸಿರು ಬಿಡುತ್ತಿದ್ದ. "ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಆಗ್ತಿದೆ," ಎಂದು ಕೆಲಸಕ್ಕೆ ಕೂತಳು.